ಓದುಗರ ಸ್ಪಂದನ: ಪಿಯುಸಿ ಮುಗಿಸದೆ ಸಿಇಟಿಗೆ ಓದಬಹುದೇ?

ಮುಧೋಳದ ಓದುಗಿಯೊಬ್ಬರು ಬರೆದಿದ್ದರು: ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಗಣಿತ, ಭೌತಶಾಸ್ತ್ರ ಹೋಗಿ ಮೂರು ವರ್ಷವಾಯಿತು. ಈಗ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಎಂಜಿನಿಯರಿಂಗ್ ಆಸೆ ಬಿಟ್ಟಿಲ್ಲ. ಪಿಯುಸಿ ಹಾಗೇ ಇಟ್ಟು ಸಿಇಟಿಗೆ ಓದಲೇ?

ತಂಗೀ, ಸಿಇಟಿ ಬರೆಯುವುದು ಬೇರೆ, ಸೀಟು ಸಿಗುವುದು ಬೇರೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಇನ್ನರ್ಧ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ. ಆ ಮೂರರಲ್ಲೇ ನಿನಗೆ ಎರಡು ಬಾಕಿ! ಬರೀ ಪಾಸಾದರೂ ಸಾಲದು. ಸಾಮಾನ್ಯ ವರ್ಗಕ್ಕೆ ಒಟ್ಟು ಶೇ 45, ಮೀಸಲಾತಿ ಇದ್ದವರಿಗೆ ಶೇ 40 ಬೇಕು. ಈಗ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಹೋದ ಎರಡನ್ನು ಮೊದಲನೆಯದಕ್ಕೇ ಕಟ್ಟು.

ಓದು ಎರಡು ಪಾಲಾಗುತ್ತದೆ ಎಂಬ ಹೆದರಿಕೆ ಬೇಡ. ಪುಸ್ತಕ ಎರಡಕ್ಕೂ ಅದೇ. ಪಿಯುಸಿಗೆ ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿ ತೋರಿಸಬೇಕು; ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷದಲ್ಲಿ ಸರಿಯುತ್ತರ ಆರಿಸುವ 60 ಪ್ರಶ್ನೆ. ಬೆಳಗ್ಗೆ ಒಂದು ಪಾಠದ ಲೆಕ್ಕ ಮಾಡು, ರಾತ್ರಿ ಅದೇ ಪಾಠದ ಹಳೆಯ ಸಿಇಟಿ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸು. ತಪ್ಪಾದರೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡ. ಪ್ರಥಮ ಪಿಯು ಪುಸ್ತಕ ರದ್ದಿಗೆ ಹಾಕಿಲ್ಲ ತಾನೇ? ಅದರಿಂದಲೂ ಪ್ರಶ್ನೆ ಬರುತ್ತವೆ.
– ನಿವೃತ್ತ ಉಪನ್ಯಾಸಕ, ವಿಜಯಪುರ

ಅಕ್ಕಾ, ನನಗೂ ಗಣಿತ ಹೋಗಿತ್ತು. ಒಂದು ಕೋಚಿಂಗ್ ಕ್ಲಾಸಿನವರು ‘ಪಿಯುಸಿ ಆಮೇಲೆ ನೋಡೋಣ’ ಎಂದು ಫೀ ಕಟ್ಟಿಸಿಕೊಂಡರು. ಸಿಇಟಿ ಚೆನ್ನಾಗೇ ಬರೆದೆ. ರಿಸಲ್ಟ್ ದಿನ ನೋಡಿದರೆ ರ‍್ಯಾಂಕೇ ಇಲ್ಲ! ಅಪ್ಪ ಮೂರು ದಿನ ಮಾತಾಡಲಿಲ್ಲ. ಅವ್ವ ಮಾತ್ರ ರೊಟ್ಟಿ ಬಡಿಯುತ್ತಲೇ ‘ಇನ್ನೊಮ್ಮೆ ಕಟ್ಟು’ ಅಂದಳು. ಕಟ್ಟಿದೆ. ಈಗ ಸಿವಿಲ್ ಮೂರನೇ ವರ್ಷ. ಹಣ ಕಟ್ಟುವ ಮುಂಚೆ ನಿಯಮವನ್ನು ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಲ್ಲಿ ನೀವೇ ಓದಿಕೊಳ್ಳಿ.
– ವಿದ್ಯಾರ್ಥಿ, ಬೆಳಗಾವಿ

ಎಸ್ಸೆಸ್ಸೆಲ್ಸಿ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ನಾನು ಹಾಗೇ ಸೇರಿದವನು. ಆದರೆ ಎರಡೇ ವಿಷಯ ಬಾಕಿ ಇರುವವರಿಗೆ ಇದು ಸುತ್ತಿನ ದಾರಿ.
– ಕಿರಿಯ ಎಂಜಿನಿಯರ್, ಬಾಗಲಕೋಟೆ

ಹೈಸ್ಕೂಲೇ ಮುಗಿಸದವರಿಗೂ ಒಂದು ಮಾತು. ನನ್ನ ಮಗ ಒಂಬತ್ತನೇ ತರಗತಿಗೆ ಬಿಟ್ಟವನು. ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹೆಸರು ಹಚ್ಚಿದೆವು. ವರ್ಷಕ್ಕೆ ಎರಡು ಸಲ ಪರೀಕ್ಷೆ, 5 ವರ್ಷದಲ್ಲಿ 9 ಅವಕಾಶ. ಮಗ್ಗದ ಕೆಲಸ ಬಿಡದೆ ಒಂದೊಂದೇ ವಿಷಯ ಮುಗಿಸಿ ಹತ್ತನೇದು ಪಾಸಾದ, ಈಗ ಹನ್ನೆರಡನೇದಕ್ಕೆ ಓದುತ್ತಿದ್ದಾನೆ. ‘ಒಂದೇ ತಿಂಗಳಲ್ಲಿ ಹನ್ನೆರಡನೇ ಪಾಸ್’ ಎನ್ನುವವರ ಹತ್ತಿರ ಮಾತ್ರ ಸುಳಿಯಬೇಡಿ.
– ಗೃಹಿಣಿ, ಇಳಕಲ್

ನಾನೂ ಝೆರಾಕ್ಸ್ ಅಂಗಡಿಯವನೇ ತಂಗೀ. ದಿನಾ ಎಷ್ಟೊಂದು ಹಾಳೆ ಕೆಡುತ್ತವೆ ಅಲ್ವಾ? ಮಾಲೀಕರನ್ನು ಕೇಳಿ ಮನೆಗೆ ಒಯ್ಯಿ. ಹಿಂಬದಿ ಖಾಲಿ ಇರುತ್ತದೆ, ಲೆಕ್ಕ ಬಿಡಿಸಲು ಬರುತ್ತದೆ.
– ಅಂಗಡಿಕಾರ, ಜಮಖಂಡಿ