41ನೆಯ ವಯಸ್ಸಿನಲ್ಲಿ ಗರ್ಭಿಣಿ, ಎದುರಿಗೆ ಮಳೆಗಾಲ: ಈ ಭಯವನ್ನು ಹೇಗೆ ನಿಭಾಯಿಸಲಿ?

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯಿಂದ):
ಹಿಂದೆ ಎರಡು ಬಾರಿ ಮೂರು ತಿಂಗಳು ತುಂಬುವ ಮೊದಲೇ ಗರ್ಭ ಕಳೆದುಕೊಂಡ ನಾನು ಈಗ 22ನೆಯ ವಾರಕ್ಕೆ ಬಂದಿದ್ದೇನೆ. ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಅಂಗಾಂಗಗಳೆಲ್ಲ ಸರಿಯಾಗಿವೆ ಎಂದು ವೈದ್ಯರು ಹೇಳಿದರೂ ಆ ಸಮಾಧಾನ ಮಡಿಕೇರಿಯಿಂದ ಮನೆ ಸೇರುವವರೆಗೂ ಉಳಿಯಲಿಲ್ಲ. ದಿನಕ್ಕೆ ಏಳೆಂಟು ಬಾರಿ ಬಿ.ಪಿ. ನೋಡಿಕೊಳ್ಳುತ್ತೇನೆ, ನೋಡಿದಷ್ಟೂ ಅಂಕಿ ಏರುತ್ತದೆ. ಹೆರಿಗೆಯ ದಿನ ಸೆಪ್ಟೆಂಬರ್ ಆರಂಭದ ಕೊಡವರ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ಬರುವುದರಿಂದ ಏಳು, ಎಂಟನೆಯ ತಿಂಗಳು ಜಡಿಮಳೆಯಲ್ಲೇ ಕಳೆಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ಕಂಡಿರುವ ನನಗೆ, ಕರೆಂಟೂ ಸಿಗ್ನಲೂ ಇಲ್ಲದ ರಾತ್ರಿ ನೋವು ಕಾಣಿಸಿಕೊಂಡರೆ ಏನು ಗತಿ ಎಂಬ ಯೋಚನೆ ನಿದ್ರೆ ಕೊಡುತ್ತಿಲ್ಲ. ಬಸುರಿ ಕೆಟ್ಟದ್ದನ್ನು ನೆನೆಯಬಾರದು ಎನ್ನುವ ಅತ್ತೆಯವರ ಮುಂದೆ ಇದನ್ನು ಹೇಳಲಾರೆ.

ಉತ್ತರ 1 (ಸೋಮವಾರಪೇಟೆಯಿಂದ):
ತಂಗೀ, ನಾನು 39ರಲ್ಲಿ ತಾಯಿಯಾದವಳು. ನಿಮ್ಮಲ್ಲಿ ಎರಡು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಳೆ ಮತ್ತು ರಸ್ತೆಯ ಭಯವನ್ನು ಮನಸ್ಸಿನ ದೌರ್ಬಲ್ಯವೆಂದು ತಿಳಿಯಬೇಡಿ, ಅದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತಿರುವ ಲೆಕ್ಕ; ಧೈರ್ಯದ ಮಾತಿನಿಂದ ಅದು ಹೋಗುವುದಿಲ್ಲ, ಏರ್ಪಾಡಿನಿಂದ ಹೋಗುತ್ತದೆ. ನಾನು ಜೂನ್ ಆರಂಭದಲ್ಲೇ ಕುಶಾಲನಗರದ ಅಕ್ಕನ ಮನೆಗೆ ಹೋಗಿ ಉಳಿದೆ, ಏಕೆಂದರೆ ಅಲ್ಲಿ ಮಳೆ ಕಡಿಮೆ, ಮೈಸೂರಿಗೆ ಹೋಗಲು ಘಾಟಿ ಇಳಿಯಬೇಕಾಗಿಲ್ಲ. ತೋಟದ ಕೆಲಸ ಬಿಟ್ಟು ಹೊರಟಳೆಂದು ಯಾರೋ ಆಡಿಕೊಂಡರು, ಆಡಿಕೊಳ್ಳಲಿ. ಮಗು ಉಳಿಯುವುದೋ ಇಲ್ಲವೋ ಎಂಬ ಇನ್ನೊಂದು ಭಯ ಮಾತ್ರ ಮಗು ಅಳುವವರೆಗೂ ನನ್ನನ್ನು ಬಿಡಲಿಲ್ಲ. ಪ್ರತಿ ಸಂಜೆ ಪತಿಯ ಬಳಿ ಅದನ್ನು ಬಾಯಿಬಿಟ್ಟು ಹೇಳುತ್ತಿದ್ದೆ. ಅವರು ಪರಿಹಾರ ಹೇಳದೆ ಸುಮ್ಮನೆ ಕೇಳುತ್ತಿದ್ದರು, ನನಗೆ ಬೇಕಾಗಿದ್ದುದೂ ಅಷ್ಟೇ.

ಉತ್ತರ 2 (ಹೆರಿಗೆ ವಾರ್ಡಿನ ನರ್ಸ್, ವಿರಾಜಪೇಟೆ):
ಆತಂಕದಲ್ಲಿ ನೋಡಿದ ಬಿ.ಪಿ. ಆತಂಕವನ್ನೂ ಸೇರಿಸಿಯೇ ತೋರಿಸುತ್ತದೆ. ವೈದ್ಯರು ಬೇರೆ ಹೇಳದಿದ್ದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಲಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ ಐದು ನಿಮಿಷ ಕುಳಿತ ಮೇಲೆ ನೋಡಿ ಬರೆದಿಡಿ. 140/90 ದಾಟಿದರೆ ಅಂದೇ ವೈದ್ಯರಿಗೆ ತಿಳಿಸಿ. 160/110 ಮುಟ್ಟಿದರೆ, ಇಲ್ಲವೇ ಅಂಕಿ ಎಷ್ಟೇ ಇದ್ದರೂ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆಯ ನೋವು, ರಕ್ತಸ್ರಾವ ಕಂಡರೆ ತಡಮಾಡದೆ ಹೊರಡಿ. 28 ವಾರ ಕಳೆದ ಮೇಲೆ ಮಗುವಿನ ಒದೆತ ಎಂದಿಗಿಂತ ಕಡಿಮೆಯಾದರೆ ಬೆಳಗಾಗಲೆಂದು ಕಾಯಬೇಡಿ. ನಿದ್ರೆಗೆಟ್ಟು ಎರಡು ವಾರ ಕಳೆದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆಗಳನ್ನು ಮಾತ್ರ ಭಯದಿಂದ ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು:
ಇದನ್ನೆಲ್ಲ ಪತಿಗೆ ಓದಿ ಹೇಳಿದೆ. ಕುಶಾಲನಗರದಲ್ಲಿ ಅವರ ಚಿಕ್ಕಮ್ಮನ ಮನೆಯಿದೆ; ಮೇ ಕೊನೆಯಲ್ಲಿ ಹೋಗುವುದೆಂದು ಮಾತಾಗಿದೆ, ಅತ್ತೆಯವರೂ ಜೊತೆಗೆ ಬರುತ್ತಾರಂತೆ. ಗರ್ಭಿಣಿಯರಿಗೆ ಕೊಡುವ ‘ತಾಯಿ ಕಾರ್ಡ್’ ನನ್ನದು ಇಲ್ಲಿಯದು, ಅಲ್ಲಿ ನಡೆಯುತ್ತದೆಯೇ?

ಉತ್ತರ 2ರವರಿಂದ:
ನಡೆಯುತ್ತದೆ. ಕಾರ್ಡ್, ಸ್ಕ್ಯಾನಿಂಗ್ ವರದಿ, ಬಿ.ಪಿ. ಬರೆದ ಪುಸ್ತಕ ಮೂರನ್ನೂ ಒಂದೇ ಚೀಲದಲ್ಲಿಡಿ. ಹೊರಡುವ ಮೊದಲು ನಿಮ್ಮ ಆಶಾ ಕಾರ್ಯಕರ್ತೆಗೆ ತಿಳಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಜೂನ್ 9ಕ್ಕೆ ಅಲ್ಲಿಯೇ ತೋರಿಸಿಕೊಳ್ಳಬಹುದು.