ಟೀಮಲ್ಲಿರೋ ಮಲಯ್ ಅಮ್ಮಂದಿರ ದಿನ ಹೇಗಿರತ್ತೆ? ಮೀಟಿಂಗ್ ಯಾವಾಗ ಇಟ್ರೆ ಅನುಕೂಲ? (ಕೌಲಾಲಂಪುರ್)

ದಾವಣಗೆರೆ_ಬೆಣ್ಣೆ

ಎಲ್ರಿಗೂ ನಮಸ್ಕಾರ. ನಾನು ಕೆಎಲ್‌ಗೆ ಬಂದು ಸ್ವಲ್ಪ ದಿನ ಆಯ್ತು, ಅಕೌಂಟ್ಸ್ ಟೀಮ್ ನೋಡ್ಕೋಬೇಕು, ಟೀಮಲ್ಲಿ ಅರ್ಧಕ್ಕಿಂತ ಜಾಸ್ತಿ ಮಲಯ್ ಹೆಂಗಸರು, ಎಲ್ರಿಗೂ ಸ್ಕೂಲಿಗೆ ಹೋಗೋ ಮಕ್ಕಳು. ಅದ್ರಲ್ಲಿ ಒಬ್ರು ತುಂಬಾ ಸೀನಿಯರ್, ಬಂಗಿ ಕಡೆ ಮನೆ, ಕಾಜಂಗ್‌ನಲ್ಲಿ ಕಾರ್ ಬಿಟ್ಟು ಎಂಆರ್‌ಟಿ ರೈಲಲ್ಲಿ ಬರ್ತಾರೆ. ಮೂರು ಮಕ್ಕಳು, ದೊಡ್ಡವನು ಫಾರ್ಮ್ ಒಂದು (ಹೈಸ್ಕೂಲಿನ ಮೊದಲ್ನೇ ವರ್ಷ), ಮಧ್ಯದವಳು ನಾಕನೇ ಕ್ಲಾಸು, ಚಿಕ್ಕವಳು ಈ ಜನವರಿ ಒಂದನೇ ಕ್ಲಾಸಿಗೆ ಸೇರಿದಾಳೆ. ಕೆಲಸದಲ್ಲಿ ಒಂದು ತಪ್ಪು ಹುಡುಕಿದ್ರೂ ಸಿಗಲ್ಲ. ಆದ್ರೆ ಮಧ್ಯಾಹ್ನ ಒಂದು ಗಂಟೆ ಆಯ್ತಂದ್ರೆ ಕಣ್ಣು ಫೋನ್ ಮೇಲೇ ಇರತ್ತೆ, ಸಂಜೆ ಐದೂವರೆ ದಾಟ್ತಿದ್ದ ಹಾಗೆ ಮುಖ ಬದಲಾಗತ್ತೆ, ಆದ್ರೂ "ಪರವಾಗಿಲ್ಲ, ಮುಗಿಸಿ ಹೋಗ್ತೀನಿ" ಅಂತಾರೆ, ಯಾವತ್ತೂ ಆಗಲ್ಲ ಅನ್ನಲ್ಲ.

ಈ ವರ್ಷದ (2026) ಟೀಮ್ ಕ್ಯಾಲೆಂಡರ್ ನಾನೇ ಮಾಡ್ಬೇಕು, ತಿಂಗಳ ಕೊನೆ ಲೆಕ್ಕ ಮುಗಿಸೋ ಕ್ಲೋಸಿಂಗ್ ಬೇರೆ ಇರತ್ತೆ, ಫೆಬ್ರವರಿಲಿ ರಂಜಾನ್ ಶುರು. ಅವರ ಮನೆ ದಿನ ಹೇಗೆ ನಡೆಯತ್ತೆ ಅಂತ ಗೊತ್ತಾಗದೆ ಟೈಮ್ ಇಡೋಕೆ ನಂಗೆ ಇಷ್ಟ ಇಲ್ಲ. ಇಲ್ಲಿ ತುಂಬಾ ವರ್ಷದಿಂದ ಇರೋರು, ಮಲಯ್ ಅಕ್ಕಪಕ್ಕದವರ ಜೊತೆ ಬೆರೆತಿರೋರು ದಯವಿಟ್ಟು ಬರೀರಿ. ಯಾವ ಹೊತ್ತು ಮುಟ್ಟಬಾರ್ದು, ಯಾವ ಹೊತ್ತು ಆರಾಮು?

ಬಂಗಿ_ಗೌಡ್ತಿ

ಒಳ್ಳೇ ಪ್ರಶ್ನೆ ಕೇಳಿದೀರ. ನಾವು ಬಂಗಿಲೇ ಇರೋದು, ಗೋಡೆಗೆ ಗೋಡೆ ಅಂಟಿದ ಸಾಲುಮನೆ, ಪಕ್ಕದ್ಮನೆ ಅಕ್ಕ ಬ್ಯಾಂಕಲ್ಲಿ ಕೆಲಸ, ನಾಲ್ಕು ಮಕ್ಕಳು. ವರ್ಷಗಟ್ಟಲೆ ನೋಡಿರೋದನ್ನ ಹೇಳ್ತೀನಿ.

ಮೊದ್ಲು ಬೆಳಿಗ್ಗೆ ಅರ್ಥ ಮಾಡ್ಕೊಳ್ಳಿ. ಇಲ್ಲಿ ಗಡಿಯಾರ ಸೂರ್ಯನಿಗಿಂತ ಮುಂದೆ ಓಡತ್ತೆ. 1982ರಲ್ಲಿ ಪೆನಿನ್ಸುಲಾ ಕಡೆ (ಕೆಎಲ್ ಇರೋ ಭಾಗ) ಟೈಮನ್ನ ಅರ್ಧ ಗಂಟೆ ಮುಂದೆ ಮಾಡಿ ಸಮುದ್ರದಾಚೆ ಪೂರ್ವದ ಸಬಾ ಸರವಾಕ್ ರಾಜ್ಯಗಳ ಜೊತೆ ಸರಿ ಮಾಡಿದ್ರು, ಹಂಗಾಗಿ ಜನವರಿಲಿ ಸೂರ್ಯ ಹುಟ್ಟೋದೇ ಏಳೂಕಾಲು ಆದ್ಮೇಲೆ, ಸ್ಕೂಲ್ ಬೆಲ್ಲು ಏಳೂವರೆ ಆಸುಪಾಸು. ಅಂದ್ರೆ ಮಕ್ಕಳು ಎದ್ದು ಸ್ನಾನ ಮಾಡಿ ತಿಂದು ಮನೆ ಬಿಡೋದೆಲ್ಲಾ ಕತ್ತಲಲ್ಲೇ. ಅಮ್ಮ ಐದು ಐದೂವರೆಗೆ ಏಳ್ತಾರೆ, ಬೆಳಗಿನ ಜಾವದ ಸುಬುಹ್ ನಮಾಜ್ ಆರರ ಮೇಲೆ, ಅಷ್ಟ್ರೊಳಗೆ ಬಟ್ಟೆಗೆ ಇಸ್ತ್ರಿ, ಟಿಫಿನ್ ಬಾಕ್ಸು. ರಾತ್ರಿ ಮಿಕ್ಕಿದ ಅನ್ನಕ್ಕೆ ಮೊಟ್ಟೆ ಹಾಕಿ ನಾಸಿ ಗೋರೆಂಗ್, ಇಲ್ಲಾಂದ್ರೆ ಹುರಿದ ಶಾವಿಗೆ, ಅದೂ ಆಗದ ದಿನ ರಸ್ತೆ ಬದಿ ಟೇಬಲ್ ಹಾಕ್ಕೊಂಡು ಮಾರ್ತಾರಲ್ಲ ನಾಸಿ ಲೆಮಾಕ್ (ತೆಂಗಿನ ಹಾಲಿನ ಅನ್ನ) ಪೊಟ್ಟಣ, ಅದು. ನನಗೆ ತುಂಬಾ ಇಷ್ಟ ಆಗೋದು ಇದೇ, ಕೊಂಡು ತಂದ್ರೆ ಅಮ್ಮ ಸೋಮಾರಿ ಅಂತ ಇಲ್ಲಿ ಯಾರೂ ಅನ್ನಲ್ಲ. ಕೊಂಡು ತಿನ್ನೋದೂ ಮನೆ ಊಟದಷ್ಟೇ ಸಹಜ.

ಈಗ ನೀವು ಕೇಳಿದ ಒಂದು ಗಂಟೆ ವಿಷ್ಯ. ಪ್ರೈಮರಿ ಸ್ಕೂಲು ಒಂದು ಗಂಟೆ ಹೊತ್ತಿಗೆ ಬಿಡತ್ತೆ, ಆದ್ರೆ ಮಗುವಿನ ದಿನ ಅಲ್ಲಿಗೆ ಮುಗಿಯಲ್ಲ, ಮಧ್ಯಾಹ್ನ ಎರಡನೇ ಸ್ಕೂಲು ಇದೆ, ಸೆಕೋಲಾ ಅಗಾಮಾ, ಧರ್ಮದ ಪಾಠದ್ದು. ಕುರಾನ್ ಓದೋದು, ಜಾವಿ ಲಿಪಿ (ಅರಬ್ಬಿ ಅಕ್ಷರದಲ್ಲಿ ಮಲಯ್ ಬರೆಯೋದು), ನಮಾಜಿನ ಕ್ರಮ, ನಡತೆ, ಪ್ರವಾದಿಯವರ ಚರಿತ್ರೆ ಎಲ್ಲಾ ಕಲಿಸ್ತಾರೆ, ಐದನೇ ವರ್ಷದಲ್ಲಿ ಯುಪಿಕೆಕೆ ಅಂತ ಪರೀಕ್ಷೇನೂ ಇರತ್ತೆ. ಮಲಯ್ ಮನೆಗಳಲ್ಲಿ ಇದನ್ನ ತಪ್ಪಿಸೋ ಮಾತೇ ಇಲ್ಲ. ಅಂದ್ರೆ ಎರಡು ಬ್ಯಾಗು, ಎರಡು ಯೂನಿಫಾರ್ಮು, ಎರಡು ಹೋಮ್‌ವರ್ಕು, ಎರಡು ವಾಟ್ಸಾಪ್ ಗ್ರೂಪು, ಪ್ರತಿ ಮಗುವಿಗೂ. ಎರಡು ಸ್ಕೂಲ್ ನಡುವೆ ಮಗೂನ ನೋಡ್ಕೊಳ್ಳೋದು ಟ್ರಾನ್ಸಿಟ್‌ನೋರು (ಸ್ಕೂಲ್ ಮಕ್ಕಳ ಡೇಕೇರ್), ವ್ಯಾನ್ ಅಂಕಲ್ ಸ್ಕೂಲಿಂದ ಕರ್ಕೊಂಡು ಬಂದು ಬಿಡ್ತಾರೆ, ಅಲ್ಲಿ ಸ್ನಾನ, ಊಟ, ಬಟ್ಟೆ ಬದಲಾವಣೆ, ಮತ್ತೆ ಎರಡನೇ ಸ್ಕೂಲಿಗೆ. ಒಂದು ಗಂಟೆಗೆ ನಿಮ್ಮ ಸೀನಿಯರ್ ಕಾಯ್ತಿರೋದು ಬಹುಶಃ "ಮಗು ತಲುಪಿದೆ" ಅನ್ನೋ ಮೆಸೇಜಿಗೆ. ಒಂದನೇ ಕ್ಲಾಸ್ ಮಗು ಅಂದ್ರೆ ಈ ತಿಂಗಳು ಪೂರ್ತಿ ಜೀವ ಕೈಲಿ ಹಿಡ್ಕೊಂಡಿರ್ತಾರೆ ಪಾಪ. ಆ ಹದಿನೈದು ನಿಮಿಷ ದಯವಿಟ್ಟು ಬಿಟ್ಬಿಡಿ.

ಸಂಜೆ ಕಥೆ ಟ್ರಾನ್ಸಿಟ್ ಮುಚ್ಚೋ ಟೈಮು. ಲೇಟಾದ್ರೆ ಬಹಳ ಕಡೆ ಎಕ್ಸ್ಟ್ರಾ ದುಡ್ಡು, ದುಡ್ಡಿಗಿಂತ ಎಲ್ಲಾ ಮಕ್ಕಳೂ ಹೋದ್ಮೇಲೆ ತನ್ನ ಮಗು ಒಂದೇ ಗೇಟ್ ಹತ್ರ ಕೂತಿರತ್ತೆ ಅನ್ನೋ ಸಂಕಟ. ಮನೆ ಮುಟ್ಟೋದು ಏಳು ಗಂಟೆ, ಸೂರ್ಯ ಮುಳುಗಿದ್ಮೇಲಿನ ಮಗ್ರಿಬ್ ನಮಾಜ್ ಏಳೂಕಾಲು ಏಳೂವರೆ, ಅದಾದ್ಮೇಲೆ ರಾತ್ರಿಯ ಇಷಾ ನಮಾಜ್ ತನಕ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಸಿಗತ್ತೆ, ಪಕ್ಕದ್ಮನೇಲಿ ಆ ಹೊತ್ತಲ್ಲಿ ಮಕ್ಕಳು ಕುರಾನ್ ಓದೋ ದನಿ ಕೇಳಿಸತ್ತೆ, ಅಕ್ಕ ಒಲೆ ಮುಂದೆ ನಿಂತೇ ತಪ್ಪು ತಿದ್ತಿರ್ತಾರೆ. ಊಟಕ್ಕೆ ಅನ್ನ, ಒಂದು ಮೀನು ಸಾರು, ಮೊಟ್ಟೆ ಆಮ್ಲೆಟ್, ಕಂಗ್‌ಕುಂಗ್ ಸೊಪ್ಪು. ಭಾನುವಾರಾನೇ ಒಣಮೆಣಸಿನಕಾಯಿ ರುಬ್ಬಿ ಡಬ್ಬಿಗೆ, ವಾರಕ್ಕಾಗೋಷ್ಟು ಸಂಬಾಲ್ (ಮೆಣಸಿನಕಾಯಿ ಗೊಜ್ಜು) ಕುದಿಸಿ ಇನ್ನೊಂದು ಡಬ್ಬಿಗೆ, ಮೀನು ಕ್ಲೀನ್ ಮಾಡಿ ದಿನಕ್ಕೊಂದು ಪೊಟ್ಟಣ ಫ್ರೀಜರ್‌ಗೆ. ಇಷ್ಟಿದ್ರೆ ಅರ್ಧ ಗಂಟೇಲಿ ಅಡುಗೆ ಆಗತ್ತೆ, ನಾನೂ ಅವರಿಂದಾನೇ ಕಲಿತಿದ್ದು.

ಹಾಗಾಗಿ ಸಂಜೆ ಐದರಿಂದ ರಾತ್ರಿ ಒಂಬತ್ತು ಮುಟ್ಟಲೇಬೇಡಿ. ಬೆಳಿಗ್ಗೆ ಹತ್ತರಿಂದ ಹನ್ನೆರಡು ಬಂಗಾರದಂಥ ಹೊತ್ತು, ಮಕ್ಕಳೆಲ್ಲಾ ಕ್ಲಾಸಲ್ಲಿ ಇರ್ತಾರೆ.

ಎಚ್ಆರ್_ಕುಡ್ಲ

ಮೇಲಿನವರು ಮನೆ ಕಡೆದು ಚೆನ್ನಾಗಿ ಹೇಳಿದ್ದಾರೆ, ನಾನು ಆಫೀಸ್ ಕಡೆದು ಹೇಳ್ತೇನೆ. ಇಲ್ಲಿನ ಎಂಪ್ಲಾಯ್‌ಮೆಂಟ್ ಆಕ್ಟ್ ತಿದ್ದುಪಡಿ 1 ಜನವರಿ 2023ರಿಂದ ಜಾರಿಯಲ್ಲಿದೆ. ಹೆರಿಗೆ ರಜೆ 60 ದಿನ ಇದ್ದದ್ದು 98 ಆಯ್ತು, ಅಪ್ಪಂದಿರಿಗೆ 7 ದಿನ ಬಂತು, ವಾರದ ಕೆಲಸ 48 ಗಂಟೆಯಿಂದ 45ಕ್ಕೆ ಇಳಿಯಿತು. ನಿಮಗೆ ಬೇಕಾದ್ದು ಇನ್ನೊಂದುಂಟು: ಕೆಲಸದ ಸಮಯ, ಜಾಗ ಅಥವಾ ದಿನ ಬದಲಾಯಿಸಿ ಕೊಡಿ ಅಂತ ಉದ್ಯೋಗಿ ಬರವಣಿಗೆಯಲ್ಲಿ ಅರ್ಜಿ ಹಾಕಬಹುದು, ಕಂಪನಿ 60 ದಿನದೊಳಗೆ ಉತ್ತರ ಕೊಡ್ಬೇಕು, ಆಗುವುದಿಲ್ಲ ಅಂದ್ರೆ ಕಾರಣ ಬರೆದು ಕೊಡ್ಬೇಕು. ಎಷ್ಟೋ ಅಮ್ಮಂದಿರು ಇದನ್ನು ಕೇಳುವುದೇ ಇಲ್ಲ, ಕೇಳಿದ್ರೆ ಮೇಲಿನವರು ಏನು ತಿಳ್ಕೊಳ್ತಾರೋ ಅಂತ. ನೀವು ಮೇಲಿನವರಾಗಿ ಮೊದಲೇ "ಅರ್ಜಿ ಹಾಕಿ, ನಾನು ಸಪೋರ್ಟ್ ಮಾಡ್ತೇನೆ" ಅಂತ ಹೇಳಿದ್ರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಬಾಯಿಮಾತಿನ ಹೊಂದಾಣಿಕೆ ಬೇಡ, ನಾಳೆ ನೀವು ಬೇರೆ ಟೀಮಿಗೆ ಹೋದ್ರೆ ಅದು ಅಲ್ಲಿಗೇ ಹೋಯ್ತು.

ಮತ್ತೆ ಶುಕ್ರವಾರ. ಗಂಡಸರು ಜುಮ್ಮಾ ನಮಾಜಿಗೆ ಹೋಗ್ತಾರೆ, ಸ್ಕೂಲೂ ಅವತ್ತು ಬೇಗ ಬಿಡ್ತದೆ, ಹಾಗಾಗಿ ಮಧ್ಯಾಹ್ನದ ಬ್ರೇಕ್ ಉದ್ದ ಇರ್ತದೆ. ಹೆಂಗಸರು ಆ ಹೊತ್ತಲ್ಲಿ ಬ್ಯಾಂಕು, ಮಕ್ಕಳ ಡಾಕ್ಟ್ರು, ಸ್ಕೂಲ್ ಸಾಮಾನು ಎಲ್ಲಾ ಮುಗಿಸ್ತಾರೆ. ಅವರಿಗೆ ವಾರದಲ್ಲಿ ಸಿಗುವ ಸ್ವಂತ ಸಮಯ ಅದೊಂದೇ. "ಗಂಡಸರು ಇಲ್ಲ, ನಾವು ಹೆಂಗಸರು ಕೂತು ಮೀಟಿಂಗ್ ಮುಗಿಸುವ" ಅಂತ ದಯವಿಟ್ಟು ಶುರು ಮಾಡ್ಬೇಡಿ.

ಜೊಹೊರ್_ಹುಬ್ಳಿಮಂದಿ

ನಾ ಜೊಹೊರ್ ಬಾರು ಒಳಗ ಇರ್ತೀನ್ರಿ, ಇಲ್ಲಿದ್ದೊಂದು ಹೇಳ್ತೀನಿ, ಕೆಎಲ್‌ನವ್ರಿಗೆ ಇದು ಗೊತ್ತಾಗಂಗಿಲ್ಲ. ನಮ್ಮ ರಾಜ್ಯದಾಗ 2014ರಿಂದ 2024 ಮುಗಿಯೋತನಕ ವಾರದ ರಜಾ ಶುಕ್ರವಾರ ಶನಿವಾರ ಇತ್ತು, 1 ಜನವರಿ 2025ರಿಂದ ಮತ್ತ ಶನಿವಾರ ಭಾನುವಾರ ಆತು. ಶುಕ್ರವಾರ ಶನಿವಾರ ರಜಾ ಇದ್ದಾಗ ಸಿಂಗಾಪುರಕ್ಕ ಹೋಗಿ ದುಡಿಯೋ ಅವ್ವಂದಿರಿಗೆ, ಕೆಲವೊಂದು ಪ್ರೈವೇಟ್ ಕಂಪನಿಯವ್ರಿಗೆ ರಜಾ ಶನಿವಾರ ಭಾನುವಾರ, ಮಕ್ಕಳ ಸಾಲಿಗೆ ಶುಕ್ರವಾರ ಶನಿವಾರ, ಅಂದ್ರ ತಾಯಿ ಮಕ್ಕಳು ಕೂಡಿ ಮನ್ಯಾಗ ಇರೋದು ವಾರಕ್ಕ ಒಂದ ದಿನ. ನಮ್ಮ ಓಣ್ಯಾಗಿನ ಮಲಯ್ ಅಕ್ಕಾರು ಎಷ್ಟು ತ್ರಾಸ ಪಟ್ಟಾರ ನಾ ಕಣ್ಣಾರೆ ನೋಡೇನಿ. ಬೆಳಗಿನ ಜಾವ ಸಿಂಗಾಪುರಕ್ಕ ಹೋಗೋ ಕಾಸ್‌ವೇ ರಸ್ತೆ ದಾಟಾಕ ಹೋಗ್ತಿದ್ರು, ಮಕ್ಕಳ್ನ ಎಬ್ಬಸೋದು, ಸಾಲಿಗೆ ಕಳಸೋದು ಎಲ್ಲಾ ಅಜ್ಜೀದು. ರಜಾ ಬದಲಾದ ಮ್ಯಾಲೆ ಅವ್ರ ಮನ್ಯಾಗ ಭಾನುವಾರ ಮುಂಜಾನೆ ಎಲ್ಲಾರೂ ಕೂಡಿ ರೋಟಿ ಚನಾಯ್ ತಿನ್ನಾಕ ಹೊಂಡ್ತಾರ್ರಿ, ನೋಡಿದ್ರ ಖುಷಿ ಆಗ್ತೈತಿ. ಕೆಲಂತಾನ್, ತೆರೆಂಗಾನು, ಕೆಡಾದಾಗ ಇನ್ನೂ ಶುಕ್ರವಾರ ಶನಿವಾರನ ರಜಾ. ನಿಮ್ಮ ಟೀಮಿನವ್ರ ತೌರುಮನಿ ಆ ಕಡೆ ಇದ್ರ ಅದನ್ನೂ ಲಕ್ಷ್ಯದಾಗ ಇಟ್ಕೊಳ್ರಿ.

ಸುಬಂಗ್_ಶಿವಮೊಗ್ಗ

ನಂದೊಂದು ಬೇರೆ ಅಭಿಪ್ರಾಯ. ಮಲಯ್ ಅಮ್ಮಂದಿರು ಅಂತ ಬೇರೆ ಸಾಲು ಮಾಡೋದು ನಂಗೆ ಸರಿ ಅನ್ಸಲ್ಲ. ನಮ್ಮ ಆಫೀಸಲ್ಲಿ ಚೀನೀ ಅಮ್ಮಂದಿರು ಸಂಜೆ ಟ್ಯೂಷನ್‌ಗೆ ಓಡ್ತಾರೆ, ತಮಿಳು ಅಮ್ಮಂದಿರು ತಮಿಳು ಶಾಲೆಗೆ ಅಂತ ದೂರ ಬಿಟ್ಟು ಬರ್ತಾರೆ. ಐದು ಗಂಟೆ ಮೇಲೆ ಮೀಟಿಂಗ್ ಇಲ್ಲ ಅನ್ನೋ ನಿಯಮ ಎಲ್ರಿಗೂ ಮಾಡಿ. ಒಬ್ಬರಿಗೋಸ್ಕರ ಮಾಡಿದ್ರೆ ಅವರ ಮೇಲೇ ಮಾತು ಬರತ್ತೆ, "ಅವಳಿಂದ ನಮಗೆಲ್ಲಾ ಟೈಮ್ ಬದಲಾಯ್ತು" ಅಂತ.

ಬಂಗಿ_ಗೌಡ್ತಿ

ನಿಯಮ ಎಲ್ರಿಗೂ ಅನ್ನೋದು ಪೂರ್ತಿ ಒಪ್ತೀನಿ. ಆದ್ರೆ ದಿನ ಅರ್ಥ ಮಾಡ್ಕೊಳ್ಳೋದು ಬೇಡ ಅಂದ್ರೆ ಒಪ್ಪಲ್ಲ. ಎರಡನೇ ಸ್ಕೂಲು, ನಮಾಜಿನ ಹೊತ್ತು, ರಂಜಾನ್ ಇವು ಅವರ ದಿನದ ಎಲುಬು, ಅದು ಗೊತ್ತಿಲ್ಲದೆ ಮಾಡಿದ ನಿಯಮ ಅವರಿಗೆ ಅರ್ಧ ಮಾತ್ರ ಕೆಲಸಕ್ಕೆ ಬರತ್ತೆ. ರಂಜಾನ್ ತಿಂಗಳೇ ನೋಡಿ, ನಾಲ್ಕೂವರೆಗೆ ಎದ್ದು ಉಪವಾಸಕ್ಕೆ ಮುಂಚಿನ ಸಹುರ್ ಊಟ ಬಡಿಸ್ಬೇಕು, ಮಕ್ಕಳನ್ನ ಎಬ್ಬಿಸೋದೇ ಒಂದು ಯುದ್ಧ, ಚಿಕ್ಕವು ಅರ್ಧ ದಿನ ಉಪವಾಸ ಮಾಡ್ತೀನಿ ಅಂತ ಹಟ ಹಿಡಿತವೆ. ಸಂಜೆ ರಂಜಾನ್ ಬಜಾರಲ್ಲಿ ಎರಡು ಪಲ್ಯ, ಒಂದು ಸಿಹಿ, ಒಂದು ಜ್ಯೂಸ್ ಕೊಂಡು ಏಳೂವರೆಯೊಳಗೆ ಮನೇಲಿ ಇರ್ಬೇಕು, ಉಪವಾಸ ಬಿಡೋ ಗಳಿಗೇಲಿ ಅಮ್ಮ ಟ್ರಾಫಿಕಲ್ಲಿ ಸಿಕ್ಕಾಕ್ಕೊಂಡಿದ್ರೆ ಮಕ್ಕಳು ಖರ್ಜೂರ ಮುಂದಿಟ್ಕೊಂಡು ಬಾಗಿಲು ನೋಡ್ತಿರ್ತವೆ. ಊಟದ ಬ್ರೇಕ್ ಬಿಟ್ಟು ಅಷ್ಟು ಬೇಗ ಹೊರಡೋಕೆ ಬಹಳ ಆಫೀಸಲ್ಲಿ ಬಿಡ್ತಾರೆ, ನೀವೂ ಕೇಳಿ ನೋಡಿ. ಆ ತಿಂಗಳು ತಲೆಕೆಲಸ ಎಲ್ಲಾ ಬೆಳಿಗ್ಗೆ ಇಡಿ, ಮಧ್ಯಾಹ್ನ ಮೂರರ ಮೇಲೆ ದೊಡ್ಡ ಚರ್ಚೆ ಬೇಡ.

ಇನ್ನೊಂದು, ಎಲ್ರ ಮುಂದೆ ಕೇಳ್ಬೇಡಿ. ಗುಂಪಲ್ಲಿ ಕೇಳಿದ್ರೆ ಪರವಾಗಿಲ್ಲ ಅಂತಲೇ ಉತ್ತರ ಬರೋದು. ಒಬ್ರೇ ಇದ್ದಾಗ "ಹತ್ತು ಗಂಟೆನಾ ಹನ್ನೊಂದಾ" ಅಂತ ಎರಡು ಆಯ್ಕೆ ಕೊಟ್ಟು ಕೇಳಿ, ಆಗ ಮನಸ್ಸಲ್ಲಿರೋದು ಹೇಳ್ತಾರೆ.

ದಾವಣಗೆರೆ_ಬೆಣ್ಣೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಆ ಸೀನಿಯರ್ ಒಬ್ರನ್ನೇ ಕೇಳಿದೆ, ಊಟಕ್ಕೆ ಕರ್ಕೊಂಡು ಹೋಗಿ. ಆಮೇಲೆ ಅವರೇ ಮಾತಾಡ್ತಾ ಹೋದ್ರು. ಮೂರು ಮಕ್ಕಳಿಗೂ ಮೂರು ಥರ ಟೈಮಂತೆ, ದೊಡ್ಡವನ ಸ್ಕೂಲಲ್ಲಿ ಜಾಗ ಸಾಲದೆ ಫಾರ್ಮ್ ಒಂದಕ್ಕೆ ಮಧ್ಯಾಹ್ನದ ಶಿಫ್ಟು, ಅವನು ಬರೋದು ಮಗ್ರಿಬ್ ಹತ್ರ. ಬೆಳಿಗ್ಗೆ ಅವನೊಬ್ನೇ ಮನೇಲಿ, ಗ್ಯಾಸ್ ಮುಟ್ಬೇಡ ಅಂತ ಹೇಳಿ ಊಟ ಮುಚ್ಚಿಟ್ಟು ಬರ್ತಾರೆ. ನಂಗೆ ಇದು ಕೇಳಿ ಹೊಟ್ಟೆ ಚುರುಕ್ ಅಂತು. ಗಂಡ ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳನ್ನ ಬಿಡ್ತಾರೆ, ಸಂಜೆ ಕರೆಯೋದು ಇವ್ರು. ಈ ವರ್ಷ ಸ್ಕೂಲ್ ವರ್ಷ ಮಾರ್ಚಿಂದ ವಾಪಸ್ ಜನವರಿಗೆ ಬಂದಿದೆಯಲ್ಲ, ಸ್ಕೂಲ್ ಶುರು, ತಕ್ಷಣ ರಂಜಾನ್, ಮಾರ್ಚಲ್ಲಿ ಹಬ್ಬ, ಎಲ್ಲಾ ಖರ್ಚು ಒಟ್ಟಿಗೆ ಬಂತು ಅಂದ್ರು. ಸರ್ಕಾರ ಪ್ರತಿ ಮಗುವಿಗೆ ಕೊಡೋ 150 ರಿಂಗಿಟ್ ಯೂನಿಫಾರ್ಮ್ ಶೂಗೆ ಆಯ್ತಂತೆ, ಪಠ್ಯಪುಸ್ತಕ ಹೇಗೂ ಉಚಿತ, ವರ್ಕ್‌ಬುಕ್ಕು ಟ್ರಾನ್ಸಿಟ್ಟು ವ್ಯಾನು ಅಂತ ಹೋಗೋದೇ ಜಾಸ್ತಿ. ಶೂ ಎಲ್ಲಾ ಈಗ ಕಪ್ಪು, ಹಿಂದೆ ಬಿಳಿ ಶೂ ಇದ್ದಾಗ ವಾರ ವಾರ ಉಜ್ಜಿ ಬಿಳಿ ಬಣ್ಣ ಹಚ್ಚಬೇಕಿತ್ತು, ಅದು ತಪ್ಪಿದ್ದೇ ಅಮ್ಮಂದಿರಿಗೆ ದೊಡ್ಡ ನೆಮ್ಮದಿ ಅಂತ ಹೇಳಿದ್ರು.

ಅವರು ಕೇಳಿದ್ದು ಎರಡೇ. ಕ್ಲೋಸಿಂಗ್ ಇರೋ ದಿನಗಳಲ್ಲಿ ಐದಕ್ಕೆ ಹೊರಟು, ಮಕ್ಕಳು ಮಲಗಿದ್ಮೇಲೆ ಮನೆಯಿಂದ ಮುಗಿಸ್ತೀನಿ ಅಂತ, ಮತ್ತೆ ಶುಕ್ರವಾರ ಮಧ್ಯಾಹ್ನ ಬಿಡಿ ಅಂತ. ಎರಡಕ್ಕೂ ಅರ್ಜಿ ಬರೆಸ್ತಿದೀನಿ. ಮೀಟಿಂಗ್ ಹತ್ತೂವರೆಗೆ, ಇಡೀ ಟೀಮಿಗೆ.

ಇನ್ನೊಂದೇ ಉಳಿದಿರೋದು, ಹರಿ ರಾಯ (ರಂಜಾನ್ ಮುಗಿದ್ಮೇಲಿನ ಈದ್ ಹಬ್ಬ) ರಜೆ. ಎಲ್ರೂ ಊರಿಗೆ ಹೋಗ್ಬೇಕು ಅಂತಾರೆ, ಅದೂ ತಿಂಗಳ ಕೊನೆಗೆ ಹತ್ರ. ಹೇಗೆ ಹಂಚೋದು?

ಎಚ್ಆರ್_ಕುಡ್ಲ

ಇಲ್ಲಿ ಹೆಚ್ಚಿನ ಟೀಮ್‌ಗಳಲ್ಲಿ ಮಾಡುವ ಕ್ರಮ: ಚೀನೀ ಹೊಸವರ್ಷಕ್ಕೆ ಮಲಯ್, ಇಂಡಿಯನ್ ಸಹೋದ್ಯೋಗಿಗಳು ನಿಭಾಯಿಸ್ತಾರೆ, ರಾಯಕ್ಕೆ ಚೀನೀ, ಇಂಡಿಯನ್ ನಿಭಾಯಿಸ್ತಾರೆ, ದೀಪಾವಳಿಗೆ ಅವರು ನಮಗೆ ಬಿಟ್ಟುಕೊಡ್ತಾರೆ. ಚೀನೀ ಹೊಸವರ್ಷ ಈ ಸಲ ಫೆಬ್ರವರಿ 17ಕ್ಕೆ, ಅದಾಗಿ ಒಂದು ತಿಂಗಳಿಗೆ ರಾಯ, ಹಾಗಾಗಿ ಎರಡರ ಪಟ್ಟಿಯನ್ನೂ ಒಟ್ಟಿಗೇ ಕೂತು ಮಾಡಿ. ಈಗಲೇ ಮಾಡಿದ್ರೆ ಒಳ್ಳೇದು, ಬಸ್ಸು, ರೈಲು ಟಿಕೆಟ್ ಬೇಗ ಖಾಲಿಯಾಗ್ತದೆ.

ಬಂಗಿ_ಗೌಡ್ತಿ

ಅದ್ರ ಜೊತೆ, ಈ ವರ್ಷ ಯಾರ ಊರಿಗೆ ಅಂತ ಕೇಳಿ. ಬಹಳ ಮನೆಗಳಲ್ಲಿ ಒಂದು ವರ್ಷ ಗಂಡನ ಊರು, ಇನ್ನೊಂದು ವರ್ಷ ಹೆಂಡ್ತಿ ಊರು. ತೌರಿಗೆ ಹೋಗೋ ವರ್ಷ ಇದ್ರೆ ಅವರಿಗೆ ಎರಡು ದಿನ ಮುಂಚೆ ಬಿಡಿ, ಹಬ್ಬದ ಹಿಂದಿನ ದಿನ ನಾರ್ತ್ ಸೌತ್ ಹೈವೇಲಿ ಮಕ್ಕಳನ್ನ ಕೂರಿಸ್ಕೊಂಡು ಗಂಟೆಗಟ್ಟಲೆ ನಿಲ್ಲೋದು ತುಂಬಾ ಕಷ್ಟ, ಅದೂ ಉಪವಾಸದಲ್ಲಿ. ಊರಲ್ಲಿ ಅಜ್ಜಿ ಜೊತೆ ಕೂತು ಕೆಟುಪಾಟ್ (ತೆಂಗಿನ ಗರಿ ಹೆಣೆದು ಒಳಗೆ ಅಕ್ಕಿ ಬೇಯಿಸೋದು) ಹೆಣೆಯೋಕೆ, ರೆಂಡಾಂಗ್ ಅನ್ನೋ ಮಾಂಸದ ಅಡುಗೆ ಕಲಕೋಕೆ ಮೊಮ್ಮಕ್ಕಳು ವರ್ಷ ಪೂರ್ತಿ ಕಾಯ್ತಿರ್ತವೆ.

ವಾಪಸ್ ಬಂದ್ಮೇಲೆ ಓಪನ್ ಹೌಸ್‌ಗೆ, ಅಂದ್ರೆ ಮನೇಲಿ ಹಬ್ಬದೂಟಕ್ಕೆ, ಖಂಡಿತ ಕರೀತಾರೆ, ಹೋಗಿ. ಮಕ್ಕಳಿಗೆ ಕವರಲ್ಲಿ ಸಣ್ಣ ನೋಟು ಹಾಕಿ ಕೊಡಿ. ನೀವು ಸಸ್ಯಾಹಾರಿ ಆಗಿದ್ರೆ ಒಂದು ವಾರ ಮುಂಚೆನೇ ಹೇಳಿ, ಸಂಬಾಲಲ್ಲಿ ಒಣಸಿಗಡಿ ಇರತ್ತೆ, ಹೇಳಿದ್ರೆ ನಿಮಗೆ ಅಂತಲೇ ಬೇರೆ ಮಾಡಿಡ್ತಾರೆ.