ಚೋಕಿನ್ ತಟ್ಟೆಯ ನವಿಲು ಕಪ್ಪಾಗಿದೆ, ಏನು ಮಾಡಲಿ?

ನವಿಲುಗರಿ: ತಲೆ ಕೆಟ್ಟುಹೋಗಿದೆ. ಕ್ಯೋಟೋದ ತೋಜಿ ದೇವಸ್ಥಾನದಲ್ಲಿ ಪ್ರತಿ ತಿಂಗಳ 21ರಂದು ಸಂತೆ ಸೇರುತ್ತದಲ್ವಾ, ಅಲ್ಲಿ ಕೊಂಡ ಚೋಕಿನ್ ತಟ್ಟೆ, ಅಂದರೆ ಜಪಾನಿನ ಲೋಹದ ಕೆತ್ತನೆಯದು. ಪಿಂಗಾಣಿಯ ನಡುವೆ ಕೆತ್ತನೆಯ ಲೋಹದ ಬಿಲ್ಲೆ, ಅದರಲ್ಲಿ ಜೋಡಿ ನವಿಲು. ಮೂರು ತಿಂಗಳ ಹಿಂದೆ ಫಳಫಳ ಅನ್ನುತ್ತಿತ್ತು. ಈಗ ಬೆಳ್ಳಿ ಬಣ್ಣದ ಕಡೆಯೆಲ್ಲ ಕಪ್ಪು. ಚಿನ್ನ ಹಾಗೇ ಇದೆ. ಅಂಗಡಿಯವನು ಟೋಪಿ ಹಾಕಿದನಾ?

ತಾಮ್ರದಕೊಡ: ಅದು ಶಾಕುಡೋ. ತಾಮ್ರಕ್ಕೆ ಚೂರು ಚಿನ್ನ ಬೆರೆಸಿ, ಬೇಕಂತಲೇ ಕಪ್ಪು ಮಾಡುತ್ತಾರೆ. ಮುಟ್ಟಬೇಡಿ.

ಕುಸುರಿ: ಮೂರು ತಿಂಗಳಲ್ಲಿ ತಾನಾಗಿ ಶಾಕುಡೋ ಆಯಿತಾ ಸರ್?

ತಾಮ್ರದಕೊಡ: ಮೇಲಿನ ಮೆರುಗು ಹೋಗಿ ಒಳಗಿನದು ಕಾಣಿಸುತ್ತಿರಬೇಕು. ಹಿಂದೆ ಏನು ಮುದ್ರೆ ಇದೆ? ‘ನಿಪ್ಪಾನ್’ (ಜಪಾನ್) ಅಂತಿದ್ದರೆ 1921ಕ್ಕಿಂತ ಹಳೆಯದು.

ಕುಸುರಿ: ಅದು ಅಮೆರಿಕಕ್ಕೆ ಹೋಗುತ್ತಿದ್ದ ಮಾಲಿನ ಲೆಕ್ಕ. ಪಿಂಗಾಣಿಗೆ ಅಂಟಿಸಿದ ಇಂಥ ಚೋಕಿನ್ ಹೆಚ್ಚಾಗಿ 20ನೇ ಶತಮಾನದ ಕೊನೆಯ ದಶಕಗಳದ್ದು. ಡಬ್ಬಿಯಲ್ಲಿ ‘ಸಮುರಾಯ್ ಯೋಧರ ಕವಚಕ್ಕೆ ಮಾಡುತ್ತಿದ್ದ ಕೆತ್ತನೆ ಇದು’ ಅನ್ನುವ ಕಥೆಯ ಚೀಟಿ ಇದ್ದರೆ ಓದಿ ಖುಷಿಪಡಿ, ಅಷ್ಟೇ.

ಹಳೇಪೆಟ್ಟಿಗೆ: ನಿಜವಾದ ಕೆಲಸ ಬೇಕಾದರೆ ಜೋಗಾನ್ ನೋಡಿ, ಲೋಹದೊಳಗೆ ಚಿನ್ನ ಕೂರಿಸುವ ಕಲೆ. 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವುದಕ್ಕೆ ನಿಷೇಧ ಬಂತು. ಕತ್ತಿಗೆ ಕುಸುರಿ ಮಾಡುತ್ತಿದ್ದವರು ತಟ್ಟೆ, ಹೂದಾನಿ, ಡಬ್ಬಿಗೆ ಇಳಿದರು. ಕಬ್ಬಿಣದಲ್ಲಿ ಕೂದಲಿನಷ್ಟು ಸಣ್ಣ ಗೀರು ಹಾಕಿ ಚಿನ್ನದ ಎಳೆ ಬಡಿದು ಕೂರಿಸುತ್ತಾರೆ. ನನ್ನ ಹತ್ತಿರ ಮೂರಿವೆ.

ಕುಸುರಿ: ಅವರು ಕೇಳಿದ್ದು ಅದಲ್ಲ ಮಾರಾಯ್ರೇ. ನವಿಲುಗರಿ, ತಟ್ಟೆ ಎಲ್ಲಿಟ್ಟಿದ್ದೀರಿ? ಯಾವುದರಲ್ಲಿ ಉಜ್ಜಿದಿರಿ?

ನವಿಲುಗರಿ: ಕಿಟಕಿ ಪಕ್ಕ. ಹುಣಸೆಹಣ್ಣು, ಉಪ್ಪು, ಎಲ್ಲರೂ ಹಾಕುವುದೇ. ನಾನಿರುವುದು ಬೆಪ್ಪುವಿನಲ್ಲಿ. ಊರಿನ ಹೆಸರು, ನಗಬೇಡಿ.

ಕುಸುರಿ: ಇದನ್ನು ಮೊದಲೇ ಹೇಳಬಾರದಾ! ಊರ ತುಂಬ ಬಿಸಿನೀರಿನ ಬುಗ್ಗೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದೇ ಗಂಧಕದ ಗಾಳಿ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಚಿನ್ನಕ್ಕೆ ಏನೂ ಆಗಲ್ಲ. ಹುಣಸೆಹಣ್ಣು ನಿಲ್ಲಿಸಿ, ಲೇಪ ತೆಳು, ಉಜ್ಜಿದಷ್ಟೂ ಹೋಗುತ್ತದೆ. ಮೆತ್ತನೆ ಒಣಬಟ್ಟೆಯಲ್ಲಿ ಧೂಳು ತೆಗೆದು, ಗಾಳಿಯಾಡದ ಡಬ್ಬಿಯಲ್ಲಿಡಿ.

ತಾಮ್ರದಕೊಡ: ಶಾಕುಡೋ ಅಲ್ಲ ಅಂತ ಫೋಟೋ ನೋಡದೆ ಹೇಗೆ ಹೇಳ್ತೀರಿ?

ಹಳೇಪೆಟ್ಟಿಗೆ: ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು. ಹತ್ತು ನಿಮಿಷ ಮುಳುಗಿಸಿ, ಕಪ್ಪು ಹೋಗುತ್ತದೆ.

ಕುಸುರಿ: ಬೆಳ್ಳಿ ಚಮಚಕ್ಕೆ ಸರಿ. ಇಲ್ಲಿ ಬಿಲ್ಲೆಯನ್ನು ಪಿಂಗಾಣಿಗೆ ಅಂಟಿಸಿರುತ್ತಾರೆ. ಬಿಸಿನೀರು ಒಳಗಿಳಿದರೆ ಅಂಟು ಬಿಡುತ್ತದೆ. ಬೇಡ.

ನವಿಲುಗರಿ: ಈ ಮಾತು ಓದುವ ಮೊದಲೇ ಮುಳುಗಿಸಿಬಿಟ್ಟೆ. ನವಿಲು ಬೆಳ್ಳಗಾಯಿತು, ಆದರೆ ಬಾಲದ ತುದಿಯಲ್ಲಿ ಬಿಲ್ಲೆ ಉಗುರು ತೂರುವಷ್ಟು ಎದ್ದಿದೆ. ಹುಣಸೆಹಣ್ಣು ಜಾಸ್ತಿ ತಿಕ್ಕಿದ ಕಡೆ ತಾಮ್ರ ಇಣುಕುತ್ತಿದೆ. ಯಾವ ಅಂಟು ಹಾಕಲಿ?

ಹಳೇಪೆಟ್ಟಿಗೆ: ನನ್ನ ಮೂರಕ್ಕೂ ಬೀಟೆ ಮರದ ಸ್ಟ್ಯಾಂಡ್ ಮಾಡಿಸಿದ್ದೇನೆ. ಫೋಟೋ ಹಾಕಲಾ?